ಚರ್ಮದಡಿಯ ಪೆಟ್ಟು: ಮೂಗೇಟನ್ನು ಅಳೆಯುವ, ಚಿಕಿತ್ಸೆ ಕೊಡಿಸುವ ಕ್ರಮ

ಚಾಕು ತಗುಲಿದ ಗಾಯವನ್ನು ಯಾರೂ ಕಡೆಗಣಿಸುವುದಿಲ್ಲ. ಹರಿಯುವ ರಕ್ತವೇ ನೋಡಿದವರನ್ನು ಆಸ್ಪತ್ರೆಯತ್ತ ಓಡಿಸುತ್ತದೆ. ಮೂಗೇಟಿನಲ್ಲಿ ಅಂಥ ಸೂಚನೆ ಇರುವುದಿಲ್ಲ. ವಾಹನ ಡಿಕ್ಕಿಯಾದಾಗ, ಎತ್ತರದಿಂದ ಬಿದ್ದಾಗ, ಆಟದ ಮೈದಾನದಲ್ಲಿ ಒಬ್ಬರಿಗೊಬ್ಬರು ಅಪ್ಪಳಿಸಿದಾಗ, ದೊಣ್ಣೆಯ ಏಟು ಬಿದ್ದಾಗ ಅಥವಾ ಭಾರವಾದ ವಸ್ತುವಿನಡಿ ಸಿಲುಕಿದಾಗ ಚರ್ಮ ಬಹುಮಟ್ಟಿಗೆ ಹಾಗೆಯೇ ಉಳಿದು, ಅದರಡಿಯ ಸ್ನಾಯು, ಮೂಳೆ, ರಕ್ತನಾಳ ಮತ್ತು ಒಳ ಅಂಗಗಳು ಜಜ್ಜಿಹೋಗಬಹುದು ಇಲ್ಲವೇ ಹರಿಯಬಹುದು. ಮೈಮೇಲೆ ಒಂದೂ ಕಲೆಯಿಲ್ಲದ ವ್ಯಕ್ತಿಯ ಹೊಟ್ಟೆಯೊಳಗೆ ಲೀಟರುಗಟ್ಟಲೆ ರಕ್ತ ಸೋರಿರುವುದುಂಟು. ಮೊಣಕಾಲಿನವರೆಗೂ ಕಪ್ಪುಗಟ್ಟಿ ಭಯ ಹುಟ್ಟಿಸುವ ತೊಡೆಯ ಪೆಟ್ಟು ಯಾವ ಚಿಕಿತ್ಸೆಯೂ ಇಲ್ಲದೆ ಮಾಯುವುದೂ ಉಂಟು. ಹೊರನೋಟವನ್ನು ನಂಬದೆ, ಪೆಟ್ಟು ಬಿದ್ದ ರೀತಿಯನ್ನು ಕೇಳಿ ತಿಳಿದು, ಪೆಟ್ಟು ಬಿದ್ದವರ ಸ್ಥಿತಿಯನ್ನು ಮತ್ತೆ ಮತ್ತೆ ಪರೀಕ್ಷಿಸುವುದೇ ಇಲ್ಲಿ ಎಲ್ಲಕ್ಕಿಂತ ಮುಖ್ಯವಾದ ಕೆಲಸ.

ಮೊದಲು ಪೆಟ್ಟಿನ ಬಲವನ್ನು ಅಂದಾಜು ಮಾಡಿ

ಚಲಿಸುವ ವಸ್ತುವಿನ ಶಕ್ತಿ ಅದರ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ವೇಗ ಎರಡು ಪಟ್ಟಾದರೆ ದೇಹ ತಾಳಿಕೊಳ್ಳಬೇಕಾದ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಆ ಶಕ್ತಿ ದೇಹದೊಳಗೆ ಮೂರು ಬಗೆಯಲ್ಲಿ ಹಾನಿ ಮಾಡುತ್ತದೆ. ಎದುರಿನ ವಸ್ತುವಿಗೂ ಬೆನ್ನುಮೂಳೆಗೂ ನಡುವೆ ಸಿಕ್ಕಿದ ಯಕೃತ್ತು, ಮೇದೋಜ್ಜೀರಕ ಗ್ರಂಥಿಯಂಥ ಅಂಗಗಳು ಹಿಸುಕಲ್ಪಡುತ್ತವೆ. ದೇಹ ತಟ್ಟನೆ ನಿಂತರೂ ಒಳಗಿನ ಅಂಗಗಳು ಮುಂದಕ್ಕೆ ಚಲಿಸುವುದರಿಂದ ಅವು ಅಂಟಿಕೊಂಡಿರುವ ಜಾಗದಲ್ಲಿ ರಕ್ತನಾಳಗಳು ಎಳೆದು ಹರಿಯುತ್ತವೆ. ಕರುಳು, ಮೂತ್ರಕೋಶದಂಥ ಟೊಳ್ಳು ಅಂಗಗಳು ಒಳಗಿನ ಒತ್ತಡ ಒಮ್ಮೆಲೇ ಏರಿದ್ದರಿಂದ ಒಡೆಯುತ್ತವೆ. ತುಂಬಿದ ಮೂತ್ರಕೋಶ ಖಾಲಿ ಇರುವುದಕ್ಕಿಂತ ಸುಲಭವಾಗಿ ಒಡೆಯುವುದಕ್ಕೆ ಇದೇ ಕಾರಣ.

ಆದುದರಿಂದ ಪೆಟ್ಟಾದವರನ್ನು, ಅವರು ಮಾತನಾಡಲಾರದಿದ್ದರೆ ಕಣ್ಣಾರೆ ಕಂಡವರನ್ನು, ವಿವರ ಕೇಳಿಕೊಳ್ಳಿ. ವಾಹನದ ವೇಗ ಎಷ್ಟಿತ್ತು, ಸೀಟ್ ಬೆಲ್ಟ್ ಅಥವಾ ಹೆಲ್ಮೆಟ್ ಇತ್ತೇ, ಎಷ್ಟು ಎತ್ತರದಿಂದ, ಯಾವ ಭಂಗಿಯಲ್ಲಿ ಬಿದ್ದರು, ನೆಲ ಗಟ್ಟಿಯಾಗಿತ್ತೇ, ಬಿದ್ದ ಕೂಡಲೇ ಪ್ರಜ್ಞೆ ಇತ್ತೇ, ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುತ್ತಾರೆಯೇ ಎಂಬ ಪ್ರಶ್ನೆಗಳಿಗೆ ಸಿಗುವ ಉತ್ತರಗಳು ಮುಂದೆ ವೈದ್ಯರಿಗೆ ಸ್ಕ್ಯಾನ್‌ನಷ್ಟೇ ಉಪಯುಕ್ತವಾಗುತ್ತವೆ. ಸುಮಾರು 3 ಮೀಟರಿಗಿಂತ ಹೆಚ್ಚು ಎತ್ತರದಿಂದ ಬಿದ್ದವರನ್ನು, ವಾಹನದಿಂದ ಹೊರಕ್ಕೆ ಎಸೆಯಲ್ಪಟ್ಟವರನ್ನು, ವೇಗದ ವಾಹನ ಗುದ್ದಿದ ಪಾದಚಾರಿಗಳನ್ನು, ಅವರು ಎದ್ದು ನಡೆದಾಡುತ್ತಿದ್ದರೂ, ಗಂಭೀರ ಗಾಯಾಳುಗಳೆಂದೇ ಭಾವಿಸಿ ಆಸ್ಪತ್ರೆಗೆ ಕಳುಹಿಸಬೇಕು.

ಸ್ಥಳದಲ್ಲಿ ಮಾಡಬೇಕಾದದ್ದು

ಹತ್ತಿರ ಹೋಗುವ ಮೊದಲು ಸಾಗುತ್ತಿರುವ ವಾಹನಗಳು, ವಿದ್ಯುತ್ ತಂತಿ, ಕುಸಿಯುವ ಗೋಡೆಯಂಥ ಅಪಾಯ ಇಲ್ಲವೆಂದು ಖಚಿತಪಡಿಸಿಕೊಂಡು ಆಂಬುಲೆನ್ಸ್‌ಗೆ ಕರೆ ಮಾಡಿ. ಕರೆದರೆ ಓಗೊಡುತ್ತಾರೆಯೇ, ಎದೆ ಏರಿಳಿಯುತ್ತಿದೆಯೇ ಎಂದು ಗಮನಿಸಿ. ಸಹಜ ಉಸಿರಾಟ ಇಲ್ಲದಿದ್ದರೆ ತಡಮಾಡದೆ ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಬಾರಿ, 5ರಿಂದ 6 ಸೆಂಟಿಮೀಟರ್ ಆಳಕ್ಕೆ ಒತ್ತಲು ಆರಂಭಿಸಬೇಕು. ಆಟದ ವೇಳೆ ಚೆಂಡು ಅಥವಾ ಮೊಣಕೈ ಎದೆಗೆ ಬಡಿದ ಮರುಕ್ಷಣವೇ ಹುಡುಗರು ಕುಸಿದು ಬೀಳುವ ಪ್ರಸಂಗಗಳಲ್ಲಿ ಹೃದಯದ ಲಯವೇ ಕೆಟ್ಟಿರುತ್ತದೆ. ಅಲ್ಲಿ ಎದೆ ಒತ್ತುವುದು ಮತ್ತು ಹತ್ತಿರ ಲಭ್ಯವಿದ್ದರೆ ವಿದ್ಯುತ್ ಆಘಾತ ನೀಡುವ ಡಿಫಿಬ್ರಿಲೇಟರ್ ಯಂತ್ರವನ್ನು ಬಳಸುವುದೇ ಜೀವ ಉಳಿಸುವ ಚಿಕಿತ್ಸೆ. ನೀರು ಚಿಮುಕಿಸುತ್ತ, ಕೆನ್ನೆ ತಟ್ಟುತ್ತ ಕಳೆಯುವ ಪ್ರತಿ ನಿಮಿಷವೂ ಅವರ ಬದುಕುವ ಸಾಧ್ಯತೆಯನ್ನು ಕುಗ್ಗಿಸುತ್ತದೆ.

ಉಸಿರಾಡುತ್ತಿರುವವರನ್ನು ಬೆಂಕಿಯಂಥ ಅಪಾಯ ಇದ್ದರೆ ಹೊರತು ಅಲುಗಾಡಿಸಬೇಡಿ. ತಲೆಗೆ ಅಥವಾ ಕತ್ತಿಗೆ ಪೆಟ್ಟಾಗಿರುವ ಅನುಮಾನವಿದ್ದರೆ ಒಬ್ಬರು ತಲೆಯನ್ನು ಎರಡೂ ಕೈಗಳಿಂದ ಅದು ಇರುವ ಸ್ಥಿತಿಯಲ್ಲೇ ಹಿಡಿದಿರಲಿ. ಉಸಿರಿಗೆ ಅಡ್ಡಿಯಾಗದಿದ್ದರೆ ಹೆಲ್ಮೆಟ್ ತೆಗೆಯುವ ಕೆಲಸವನ್ನು ತರಬೇತಿ ಪಡೆದವರಿಗೆ ಬಿಡುವುದು ಲೇಸು. ವಾಂತಿ ಮಾಡುತ್ತಿದ್ದರೆ ತಲೆ, ಕತ್ತು, ಮುಂಡ ಒಂದೇ ಸಾಲಿನಲ್ಲಿರುವಂತೆ ಹಲವರು ಸೇರಿ ಒಟ್ಟಿಗೆ ಪಕ್ಕಕ್ಕೆ ಹೊರಳಿಸಬೇಕು. ರಕ್ತ ಒಸರುವ ಜಾಗವನ್ನು ಶುಭ್ರ ಬಟ್ಟೆಯಿಂದ ಅದುಮಿ ಹಿಡಿದು, ಮೈ ತಣ್ಣಗಾಗದಂತೆ ಕಂಬಳಿ ಹೊದೆಸಿ. ಶಸ್ತ್ರಚಿಕಿತ್ಸೆಗೆ ಅರಿವಳಿಕೆ ಕೊಡಬೇಕಾಗಬಹುದಾದ್ದರಿಂದ ನೀರನ್ನೂ ಸೇರಿಸಿ ಬಾಯಿಗೆ ಏನನ್ನೂ ಹಾಕಬೇಡಿ.

ಇಲ್ಲಿ ಹೆಚ್ಚಿನವರು ಎಡವುವ ಸಂಗತಿಯೊಂದಿದೆ. ವಯಸ್ಕರ ದೇಹದಲ್ಲಿ ಸುಮಾರು 5 ಲೀಟರ್ ರಕ್ತವಿರುತ್ತದೆ. ಆರೋಗ್ಯವಂತ ಯುವಕರಲ್ಲಿ ಅದರ ಶೇ 30ರಷ್ಟು, ಅಂದರೆ ಸುಮಾರು ಒಂದೂವರೆ ಲೀಟರ್, ನಷ್ಟವಾಗುವವರೆಗೂ ಮೇಲಿನ ರಕ್ತದೊತ್ತಡ ಹೆಚ್ಚೇನೂ ಇಳಿಯದಿರಬಹುದು. ಹೀಗಾಗಿ ಬಿಪಿ ಸರಿಯಿದೆ ಎಂಬ ಮಾತಿನಿಂದ ಸಮಾಧಾನ ಪಡುವಂತಿಲ್ಲ. ಅದಕ್ಕಿಂತ ಮೊದಲೇ ನಾಡಿ ವೇಗಗೊಳ್ಳುತ್ತದೆ, ಕೈಕಾಲು ತಣ್ಣಗಾಗಿ ಬೆವರುತ್ತವೆ, ಮುಖ ಬಿಳಿಚಿಕೊಳ್ಳುತ್ತದೆ, ಬಾಯಾರಿಕೆ ಮತ್ತು ಚಡಪಡಿಕೆ ಕಾಣಿಸಿಕೊಳ್ಳುತ್ತವೆ. ಬೆರಳ ಉಗುರನ್ನು 5 ಸೆಕೆಂಡ್ ಒತ್ತಿ ಬಿಟ್ಟರೆ ಕೆಂಪು ಬಣ್ಣ ಸಾಮಾನ್ಯವಾಗಿ 2 ಸೆಕೆಂಡಿನೊಳಗೆ ಮರಳಬೇಕು. ಚಳಿ ಇಲ್ಲದಿದ್ದರೂ ತಡವಾಗುತ್ತಿದ್ದರೆ ಚರ್ಮಕ್ಕೆ ರಕ್ತ ಸಾಲುತ್ತಿಲ್ಲವೆಂದು ತಿಳಿಯಬೇಕು. ಗಾಯಾಳು ಸುಮ್ಮನೆ ರೇಗುತ್ತಿದ್ದಾರೆ, ಮಲಗಿದಲ್ಲಿ ಮಲಗುತ್ತಿಲ್ಲ ಎಂದು ಗದರುವವರನ್ನು ಅಪಘಾತದ ಸ್ಥಳದಲ್ಲಿ ಕಾಣುತ್ತೇವೆ. ಆ ಚಡಪಡಿಕೆ ಮಿದುಳಿಗೆ ರಕ್ತವೋ ಆಮ್ಲಜನಕವೋ ಕಡಿಮೆಯಾದುದರ ಗುರುತಾಗಿರಬಹುದು.

ಮನೆಯಲ್ಲೇ ಆರೈಕೆ ಸಾಕಾಗುವ ಪೆಟ್ಟುಗಳು

ಪೆಟ್ಟು ಹಗುರವಾಗಿದ್ದು, ಕೈ ಅಥವಾ ಕಾಲಿಗೆ ಸೀಮಿತವಾಗಿದ್ದು, ಆ ಭಾಗವನ್ನು ಆಡಿಸಲು, ಭಾರ ಹಾಕಲು ಆಗುತ್ತಿದ್ದರೆ ಮೊದಲ ಎರಡು ಮೂರು ದಿನ ಅದಕ್ಕೆ ವಿಶ್ರಾಂತಿ ಕೊಟ್ಟು, ಹೃದಯದ ಮಟ್ಟಕ್ಕಿಂತ ಎತ್ತರಿಸಿಟ್ಟು, ಹದವಾಗಿ ಬ್ಯಾಂಡೇಜ್ ಸುತ್ತಿದರೆ ಸಾಕಾಗುತ್ತದೆ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಒಂದು ಸಲಕ್ಕೆ 10ರಿಂದ 20 ನಿಮಿಷ ಇಡಬಹುದು. ಬರಿಯ ಚರ್ಮದ ಮೇಲೆ ಇಟ್ಟರೆ ಚರ್ಮವೇ ಸುಡುತ್ತದೆ. ಮಂಜುಗಡ್ಡೆ ನೋವನ್ನು ಚೆನ್ನಾಗಿ ತಗ್ಗಿಸುತ್ತದೆ, ಆದರೆ ಗಾಯವನ್ನು ಬೇಗ ಮಾಯಿಸುತ್ತದೆ ಎಂಬುದಕ್ಕೆ ಗಟ್ಟಿ ಆಧಾರವಿಲ್ಲ. 1978ರಲ್ಲಿ ವಿಶ್ರಾಂತಿ, ಮಂಜುಗಡ್ಡೆ, ಒತ್ತುಪಟ್ಟಿ, ಎತ್ತರಿಸುವಿಕೆ ಎಂಬ ಸೂತ್ರವನ್ನು ಜನಪ್ರಿಯಗೊಳಿಸಿದ ಅಮೆರಿಕದ ವೈದ್ಯ ಗೇಬ್ ಮರ್ಕಿನ್ ಅವರೇ, ಅತಿಯಾದ ಮಂಜುಗಡ್ಡೆ ಮತ್ತು ಅತಿಯಾದ ವಿಶ್ರಾಂತಿ ಮಾಯುವಿಕೆಯನ್ನು ನಿಧಾನಗೊಳಿಸಬಹುದೆಂದು ಮುಂದೆ ತಮ್ಮ ಅಭಿಪ್ರಾಯವನ್ನು ಬದಲಿಸಿಕೊಂಡರು. ನೋವು ಸಹಿಸುವಷ್ಟರ ಮಟ್ಟಿಗೆ ಕೆಲವು ದಿನಗಳಲ್ಲೇ ಆ ಭಾಗವನ್ನು ಆಡಿಸತೊಡಗುವುದು ಒಳ್ಳೆಯದು.

ಮೊದಲ ಮೂರು ದಿನ ಶಾಖ ಕೊಡುವುದನ್ನೂ ಎಣ್ಣೆ ಹಚ್ಚಿ ಬಲವಾಗಿ ಉಜ್ಜುವುದನ್ನೂ ದಯವಿಟ್ಟು ಮಾಡಬೇಡಿ. ಹರಿದ ಸಣ್ಣ ರಕ್ತನಾಳಗಳು ಮತ್ತೆ ಒಸರುತ್ತವೆ. ತೊಡೆಯ ಆಳದಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಹಾಗೆ ಉಜ್ಜಿದರೆ ಸ್ನಾಯುವಿನೊಳಗೇ ಮೂಳೆ ಬೆಳೆಯುವ ತೊಂದರೆ ಉಂಟಾಗುವ ಸಂಭವವಿದೆ. ನೋವಿಗೆ ಪ್ಯಾರಾಸಿಟಮಾಲ್ ಸುರಕ್ಷಿತ. ಯಕೃತ್ತಿನ ಕಾಯಿಲೆ ಇಲ್ಲದ ವಯಸ್ಕರಿಗೆ 24 ಗಂಟೆಗಳಲ್ಲಿ ಒಟ್ಟು 4 ಗ್ರಾಂ ಮೀರಬಾರದು. ರಕ್ತಸ್ರಾವ ಹೆಚ್ಚಿಸುವ ಆಸ್ಪಿರಿನ್ ಬೇಡ. ಚರ್ಮ ತರಚಿದ್ದರೆ ಹರಿಯುವ ಶುದ್ಧ ನೀರಿನಲ್ಲಿ ತೊಳೆದು, ಧನುರ್ವಾಯುವಿನ ಲಸಿಕೆ ಯಾವಾಗ ಪಡೆದದ್ದು ಎಂದು ನೋಡಿಕೊಳ್ಳಿ.

ಕಪ್ಪುಗಟ್ಟಿದ ಜಾಗದ ಬಣ್ಣ ಬದಲಾಗುವುದು ಹಲವರಿಗೆ ಆತಂಕ ತರುತ್ತದೆ. ಸೋರಿದ ರಕ್ತದ ಹಿಮೋಗ್ಲೋಬಿನ್ ಒಡೆದು ಮೊದಲು ಹಸಿರು ಬಣ್ಣದ ಬಿಲಿವರ್ಡಿನ್, ಅನಂತರ ಹಳದಿ ಬಣ್ಣದ ಬಿಲಿರುಬಿನ್ ಆಗುವುದರಿಂದ ನೀಲಿ ಕಲೆ ಹಸಿರಾಗಿ, ಹಳದಿಯಾಗಿ ಸುಮಾರು ಎರಡು ವಾರಗಳಲ್ಲಿ ಮಾಸುತ್ತದೆ. ರಕ್ತ ಕೆಳಮುಖವಾಗಿ ಇಳಿಯುವುದರಿಂದ ಹಣೆಗೆ ಬಿದ್ದ ಪೆಟ್ಟು ಮರುದಿನ ಕಣ್ಣಿನ ಸುತ್ತ ಕಪ್ಪಾಗಿ ಕಾಣಿಸಬಹುದು. ಬಣ್ಣ ನೋಡಿ ಪೆಟ್ಟು ಎಷ್ಟು ದಿನ ಹಳೆಯದೆಂದು ಖಚಿತವಾಗಿ ಹೇಳಲು ಮಾತ್ರ ಆಗುವುದಿಲ್ಲ.

ಹಗುರವೆಂದು ತೋರಿದ ಪೆಟ್ಟು ಕೈಮೀರುವ ಒಂದು ದಾರಿಯನ್ನು ಎಲ್ಲರೂ ತಿಳಿದಿರಬೇಕು. ಮುಂಗೈ ಮತ್ತು ಮೀನಖಂಡದ ಸ್ನಾಯುಗಳು ಹಿಗ್ಗದ ಪೊರೆಯೊಳಗೆ ಬಿಗಿಯಾಗಿ ಕೂತಿರುತ್ತವೆ. ಒಳಗೆ ರಕ್ತಸ್ರಾವವೋ ಊತವೋ ಹೆಚ್ಚಿದರೆ ಆ ಕೋಣೆಯ ಒತ್ತಡ ಏರಿ ರಕ್ತಸಂಚಾರ ನಿಲ್ಲುತ್ತದೆ. ಪೆಟ್ಟಿಗೆ ಹೋಲಿಸಿದರೆ ಅತಿಯೆನಿಸುವ, ಮಾತ್ರೆಗೆ ಬಗ್ಗದ, ಗಂಟೆಗಂಟೆಗೂ ಏರುವ ನೋವು ಮೊದಲ ಲಕ್ಷಣ. ಬೆರಳುಗಳನ್ನು ಬೇರೆಯವರು ಮೃದುವಾಗಿ ಹಿಂದಕ್ಕೆ ಮಡಿಸಿದರೂ ಗಾಯಾಳು ಚೀರುವಷ್ಟು ನೋವಾಗುತ್ತದೆ. ಮೀನಖಂಡ ಮುಟ್ಟಿದರೆ ಮರದಂತೆ ಗಟ್ಟಿಯಾಗಿರುತ್ತದೆ. ಜೋಮು ಹಿಡಿಯುವುದು, ನಾಡಿ ಸಿಗದಿರುವುದು ತೀರ ಕೊನೆಯ ಲಕ್ಷಣಗಳಾದ್ದರಿಂದ ಅವುಗಳಿಗಾಗಿ ಕಾಯಬಾರದು. ಪ್ಲಾಸ್ಟರ್ ಹಾಕಿದ ಮೇಲೆ ಇಂಥ ನೋವು ಬಂದರೂ ಅಷ್ಟೇ ತುರ್ತು. ಸುಮಾರು 6 ಗಂಟೆಗಳೊಳಗೆ ಪೊರೆಯನ್ನು ಉದ್ದಕ್ಕೆ ಸೀಳಿ ಒತ್ತಡ ಬಿಡಿಸಿದರೆ ಸ್ನಾಯು ಉಳಿಯುವ ಸಾಧ್ಯತೆ ಹೆಚ್ಚು. ತಡವಾದರೆ ಕೈ ಅಥವಾ ಕಾಲು ಶಾಶ್ವತವಾಗಿ ಊನವಾಗಬಹುದು.

ಕುಸಿದ ಕಟ್ಟಡ ಅಥವಾ ಯಂತ್ರದಡಿ ಗಂಟೆಗಟ್ಟಲೆ ಸಿಲುಕಿದವರಲ್ಲಿ ಜಜ್ಜಿದ ಸ್ನಾಯುವಿನಿಂದ ಪೊಟ್ಯಾಸಿಯಂ ಮತ್ತು ಮಯೋಗ್ಲೋಬಿನ್ ಎಂಬ ಸ್ನಾಯುವಿನ ಪ್ರೋಟೀನ್ ರಕ್ತಕ್ಕೆ ಸೇರಿ ಹೃದಯ ಮತ್ತು ಮೂತ್ರಪಿಂಡಗಳಿಗೆ ಆಘಾತ ನೀಡುತ್ತವೆ. ಎರಡನೆಯ ಮಹಾಯುದ್ಧದ ಬಾಂಬ್ ದಾಳಿಯಲ್ಲಿ ಲಂಡನ್ನಿನ ಅವಶೇಷಗಳಡಿಯಿಂದ ಹೊರತೆಗೆದವರಲ್ಲಿ ವೈದ್ಯರಾದ ಎರಿಕ್ ಬೈವಾಟರ್ಸ್ ಮತ್ತು ಡೆಸ್ಮಂಡ್ ಬೀಲ್ ಇದನ್ನು ಗಮನಿಸಿ 1941ರಲ್ಲಿ ವರದಿ ಮಾಡಿದರು. ಅಂಥವರಿಗೆ ಸಾಧ್ಯವಾದರೆ ಹೊರತೆಗೆಯುವ ಮೊದಲೇ ರಕ್ತನಾಳದ ಮೂಲಕ ಲವಣದ ದ್ರಾವಣ ಕೊಡಲು ಆರಂಭಿಸುತ್ತಾರೆ. ಮೂತ್ರ ಕಡು ಕಂದುಬಣ್ಣಕ್ಕೆ ತಿರುಗಿದ್ದರೆ ಅದನ್ನು ವೈದ್ಯರಿಗೆ ತಿಳಿಸಲೇಬೇಕು.

ತಲೆಗೆ ಪೆಟ್ಟು ಬಿದ್ದಾಗ

ತಲೆಯ ಪೆಟ್ಟಿನಲ್ಲಿ ಮೊದಲ 24 ಗಂಟೆಗಳು ನಿರ್ಣಾಯಕ. ಕಿವಿಯ ಮೇಲ್ಭಾಗದ ತಲೆಬುರುಡೆ ತೆಳುವಾಗಿದ್ದು, ಅದರ ಒಳಮೈಗೆ ಅಂಟಿಕೊಂಡೇ ಒಂದು ಅಪಧಮನಿ ಸಾಗುತ್ತದೆ. ಅಲ್ಲಿ ಮೂಳೆ ಬಿರುಕುಬಿಟ್ಟು ಅಪಧಮನಿ ಹರಿದರೆ, ಕೆಲವರು ಕ್ಷಣಕಾಲ ಎಚ್ಚರ ತಪ್ಪಿ, ಮತ್ತೆ ಎದ್ದು, ಗಂಟೆಗಳ ಕಾಲ ಸಹಜವಾಗಿ ಮಾತನಾಡಿಕೊಂಡಿದ್ದು, ಅನಂತರ ತಲೆನೋವು, ವಾಂತಿ, ಮಂಪರಿನೊಂದಿಗೆ ಕುಸಿಯುತ್ತಾರೆ. ಬುರುಡೆ ಮತ್ತು ಮಿದುಳಿನ ಪೊರೆಯ ನಡುವೆ ಸೇರಿದ ಈ ರಕ್ತವನ್ನು ಸಕಾಲದಲ್ಲಿ ಹೊರತೆಗೆದರೆ ಪೂರ್ತಿ ಚೇತರಿಕೆ ಸಾಧ್ಯ. ನಡುವಿನ ಆ ನೆಮ್ಮದಿಯ ಹೊತ್ತನ್ನೇ ಗುಣವಾಯಿತೆಂದು ತಪ್ಪು ತಿಳಿದು ಗಾಯಾಳುವನ್ನು ಒಂಟಿಯಾಗಿ ಮಲಗಲು ಬಿಡುವುದು ಅತ್ಯಂತ ಅಪಾಯಕಾರಿ.

ಒಂದಕ್ಕಿಂತ ಹೆಚ್ಚು ಬಾರಿ ವಾಂತಿ, ಹೆಚ್ಚುತ್ತಲೇ ಹೋಗುವ ತಲೆನೋವು, ಗೊಂದಲದ ಮಾತು, ಫಿಟ್ಸ್, ಒಂದು ಪಕ್ಕದ ಕೈಕಾಲಿನ ಬಲಹೀನತೆ, ಎರಡು ಕಣ್ಣುಪಾಪೆಗಳ ಗಾತ್ರದಲ್ಲಿ ವ್ಯತ್ಯಾಸ, ಮೂಗು ಅಥವಾ ಕಿವಿಯಿಂದ ತಿಳಿನೀರಿನಂಥ ದ್ರವ, ಕಿವಿಯ ಹಿಂಭಾಗದಲ್ಲಿ ಕಪ್ಪು ಕಲೆ ಇವುಗಳಲ್ಲಿ ಯಾವುದೊಂದು ಕಂಡರೂ ಸಿಟಿ ಸ್ಕ್ಯಾನ್ ಸೌಲಭ್ಯವಿರುವ ಆಸ್ಪತ್ರೆಗೆ ಹೋಗಬೇಕು. ಎಚ್ಚರದ ಮಟ್ಟವನ್ನು ಅಳೆಯಲು ವೈದ್ಯರು ಗ್ಲಾಸ್ಗೋ ಮಾಪಕವನ್ನು ಬಳಸುತ್ತಾರೆ. ಗ್ರಹಾಂ ಟೀಸ್‌ಡೇಲ್ ಮತ್ತು ಬ್ರಯನ್ ಜೆನೆಟ್ 1974ರಲ್ಲಿ ರೂಪಿಸಿದ ಈ ಮಾಪಕದಲ್ಲಿ ಕಣ್ಣು ತೆರೆಯುವಿಕೆ, ಮಾತು, ಕೈಕಾಲಿನ ಚಲನೆಗೆ ಅಂಕ ಕೊಡಲಾಗುತ್ತದೆ. ಪೂರ್ಣ ಎಚ್ಚರಕ್ಕೆ 15, ಕನಿಷ್ಠ 3. ಅಂಕ 8 ಅಥವಾ ಅದಕ್ಕಿಂತ ಕಡಿಮೆಯಾದರೆ ಗಾಯಾಳು ತನ್ನ ಶ್ವಾಸಮಾರ್ಗವನ್ನು ತಾನೇ ಕಾಪಾಡಿಕೊಳ್ಳಲಾರರೆಂದು ಗಂಟಲಿಗೆ ನಳಿಕೆ ಹಾಕುತ್ತಾರೆ. ಒಂದು ಸಲದ ಅಂಕಕ್ಕಿಂತ ಅದು ಇಳಿಯುತ್ತಿದೆಯೇ ಏರುತ್ತಿದೆಯೇ ಎಂಬುದೇ ಮುಖ್ಯ.

ವಯಸ್ಸಾದವರಲ್ಲಿ, ರಕ್ತ ತೆಳುವಾಗಿಸುವ ವಾರ್ಫರಿನ್, ಕ್ಲೋಪಿಡೋಗ್ರೆಲ್‌ನಂಥ ಔಷಧ ಸೇವಿಸುವವರಲ್ಲಿ ಸಣ್ಣ ಪೆಟ್ಟಿನ ನಂತರವೂ ವಾರಗಳ ಕಾಲ ನಿಧಾನವಾಗಿ ರಕ್ತ ಶೇಖರವಾಗಬಹುದು. ಮರೆವು, ನಡಿಗೆಯಲ್ಲಿ ತೂರಾಟ ಹೊಸದಾಗಿ ಕಾಣಿಸಿಕೊಂಡರೆ ವಯಸ್ಸಿನ ಮೇಲೆ ಹೊರಿಸದೆ, ಕಳೆದ ತಿಂಗಳುಗಳಲ್ಲಿ ಬಿದ್ದದ್ದುಂಟೇ ಎಂದು ಕೇಳಿ ನೋಡಿ.

ಎದೆ ಮತ್ತು ಹೊಟ್ಟೆ

ಪಕ್ಕೆಲುಬು ಮುರಿದರೆ ಸಾಮಾನ್ಯವಾಗಿ ಸುಮಾರು 6 ವಾರಗಳಲ್ಲಿ ತಾನೇ ಕೂಡುತ್ತದೆ. ಅಪಾಯ ಬರುವುದು ನೋವಿಗೆ ಹೆದರಿ ಆಳವಾಗಿ ಉಸಿರೆಳೆಯದೆ, ಕೆಮ್ಮದೆ ಉಳಿದಾಗ. ಕಫ ಕಟ್ಟಿಕೊಂಡು ನ್ಯುಮೋನಿಯಾ ಆಗುತ್ತದೆ. ಎದೆಯ ಸುತ್ತ ಬಿಗಿಯಾಗಿ ಪಟ್ಟಿ ಕಟ್ಟುವ ಹಳೆಯ ಪದ್ಧತಿಯನ್ನು ವೈದ್ಯರು ಕೈಬಿಟ್ಟಿರುವುದು ಇದೇ ಕಾರಣಕ್ಕೆ. ಸಾಕಷ್ಟು ನೋವುನಿವಾರಕ ತೆಗೆದುಕೊಂಡು, ಎದೆಗೆ ದಿಂಬು ಒತ್ತಿ ಹಿಡಿದು, ಗಂಟೆಗೆ ಹಲವು ಬಾರಿ ಆಳವಾಗಿ ಉಸಿರೆಳೆದು ಕೆಮ್ಮುವುದೇ ಚಿಕಿತ್ಸೆಯ ತಿರುಳು. ಮುರಿದ ಮೂಳೆ ಶ್ವಾಸಕೋಶವನ್ನು ಚುಚ್ಚಿ ಗಾಳಿಯೋ ರಕ್ತವೋ ಎದೆಗೂಡಿನಲ್ಲಿ ಸೇರಿದರೆ ನಳಿಕೆ ಹಾಕಿ ಹೊರಹರಿಸಬೇಕಾಗುತ್ತದೆ. ಜಜ್ಜಿದ ಶ್ವಾಸಕೋಶ ಒಂದೆರಡು ದಿನಗಳಲ್ಲಿ ಇನ್ನಷ್ಟು ಹದಗೆಡಬಹುದಾದ್ದರಿಂದ ಮೊದಲ ಎಕ್ಸ್‌ರೇ ಸ್ವಚ್ಛವಾಗಿದ್ದರೂ ಉಸಿರಾಟ ತೇಕಿನತ್ತ ತಿರುಗಿದರೆ ಮರಳಿ ಹೋಗಬೇಕು.

ಹೊಟ್ಟೆಯ ಮೂಗೇಟಿನಲ್ಲಿ ಹೆಚ್ಚಾಗಿ ಹಾನಿಗೊಳಗಾಗುವುದು ಎಡ ಪಕ್ಕೆಯಡಿಯ ಗುಲ್ಮ ಮತ್ತು ಬಲಗಡೆಯ ಯಕೃತ್ತು. ಗುಲ್ಮ ಸೀಳಿದಾಗ ಸೋರಿದ ರಕ್ತ ಎದೆ ಮತ್ತು ಹೊಟ್ಟೆಯ ನಡುವಿನ ವಪೆಯನ್ನು ಕೆರಳಿಸುವುದರಿಂದ ಏನೂ ಪೆಟ್ಟಾಗದ ಎಡ ಭುಜದ ತುದಿಯಲ್ಲಿ ನೋವು ಬರಬಹುದು. ಸೀಟ್ ಬೆಲ್ಟ್ ಒತ್ತಿದ ಗುರುತು ಹೊಟ್ಟೆಯ ಅಡ್ಡಕ್ಕೆ ಮೂಡಿದ್ದರೆ ಕರುಳಿಗೆ ಪೆಟ್ಟಾಗಿರುವ ಸಂಶಯ ಪಡಬೇಕು. ಸೈಕಲ್ಲಿನ ಹ್ಯಾಂಡಲ್ ಹೊಟ್ಟೆಗೆ ಚುಚ್ಚಿದ ಮಕ್ಕಳಲ್ಲಿ ಮೇದೋಜ್ಜೀರಕ ಗ್ರಂಥಿ ಮತ್ತು ಸಣ್ಣ ಕರುಳಿನ ಆರಂಭದ ಭಾಗದ ಗಾಯಗಳು ಒಂದೆರಡು ದಿನ ತಡವಾಗಿ ವಾಂತಿ, ಜ್ವರದ ರೂಪದಲ್ಲಿ ಹೊರಬೀಳುತ್ತವೆ. ಮೂತ್ರದಲ್ಲಿ ರಕ್ತ, ಗಟ್ಟಿಯಾಗಿ ಬಿಗಿದ ಹೊಟ್ಟೆ, ನಿಲ್ಲಲು ಹೋದರೆ ತಲೆಸುತ್ತು ಇವೆಲ್ಲ ತುರ್ತು ಲಕ್ಷಣಗಳು.

ಆಸ್ಪತ್ರೆಯಲ್ಲಿ ನಡೆಯುವುದೇನು

ತುರ್ತು ವಿಭಾಗದಲ್ಲಿ ಗಾಯಾಳುವನ್ನು ನೋಡುವ ಕ್ರಮಕ್ಕೊಂದು ಹಿನ್ನೆಲೆಯಿದೆ. 1976ರಲ್ಲಿ ಅಮೆರಿಕದ ಮೂಳೆತಜ್ಞ ಜೇಮ್ಸ್ ಸ್ಟೈನರ್ ಅವರು ನಡೆಸುತ್ತಿದ್ದ ಸಣ್ಣ ವಿಮಾನ ನೆಬ್ರಾಸ್ಕಾದಲ್ಲಿ ಅಪ್ಪಳಿಸಿ, ಪತ್ನಿ ತೀರಿಕೊಂಡು, ಮಕ್ಕಳು ಗಾಯಗೊಂಡರು. ಅಲ್ಲಿ ಸಿಕ್ಕ ಚಿಕಿತ್ಸೆಯ ಅವ್ಯವಸ್ಥೆಯನ್ನು ಕಂಡು ಅವರು ಸಹೋದ್ಯೋಗಿಗಳೊಂದಿಗೆ ರೂಪಿಸಿದ ತರಬೇತಿಯೇ ಇಂದು ಅನೇಕ ದೇಶಗಳ ವೈದ್ಯರು ಕಲಿಯುವ ಕ್ರಮವಾಗಿದೆ. ಶ್ವಾಸಮಾರ್ಗ, ಉಸಿರಾಟ, ರಕ್ತಪರಿಚಲನೆ, ನರಮಂಡಲದ ಸ್ಥಿತಿ, ಕೊನೆಗೆ ಬಟ್ಟೆ ಸರಿಸಿ ಇಡೀ ದೇಹದ ಪರೀಕ್ಷೆ ಎಂಬ ಅನುಕ್ರಮದಲ್ಲಿ, ಯಾವುದು ಬೇಗ ಜೀವ ತೆಗೆಯುತ್ತದೆಯೋ ಅದನ್ನು ಮೊದಲು ಸರಿಪಡಿಸುತ್ತ ಹೋಗುತ್ತಾರೆ. ಕಾಲು ಮುರಿದು ನರಳುತ್ತಿರುವಾಗ ವೈದ್ಯರು ಎದೆಯನ್ನೇ ಮೊದಲು ಪರೀಕ್ಷಿಸುವುದನ್ನು ಕಂಡು ಮನೆಯವರು ಅಸಮಾಧಾನಗೊಳ್ಳಬೇಕಿಲ್ಲ.

ಹಾಸಿಗೆಯ ಬಳಿಯಲ್ಲೇ ಕೆಲವೇ ನಿಮಿಷಗಳಲ್ಲಿ ಅಲ್ಟ್ರಾಸೌಂಡ್ ಯಂತ್ರದಿಂದ ಹೃದಯದ ಸುತ್ತ, ಯಕೃತ್ತು ಮತ್ತು ಬಲ ಮೂತ್ರಪಿಂಡದ ನಡುವೆ, ಗುಲ್ಮದ ಸುತ್ತ, ಕಿಬ್ಬೊಟ್ಟೆಯ ಕುಳಿಯಲ್ಲಿ ರಕ್ತ ನಿಂತಿದೆಯೇ ಎಂದು ನೋಡುತ್ತಾರೆ. ಸ್ಥಿತಿ ಸ್ಥಿರವಾಗಿದ್ದರೆ ಸಿಟಿ ಸ್ಕ್ಯಾನ್. ರಕ್ತದೊತ್ತಡ ಕುಸಿಯುತ್ತಿದ್ದು ಹೊಟ್ಟೆಯಲ್ಲಿ ರಕ್ತ ಕಂಡರೆ ಸ್ಕ್ಯಾನ್‌ಗೆ ಕಾಯದೆ ನೇರವಾಗಿ ಶಸ್ತ್ರಚಿಕಿತ್ಸೆ. ಮೊದಲ ಅಲ್ಟ್ರಾಸೌಂಡ್‌ನಲ್ಲಿ ಏನೂ ಕಾಣದಿದ್ದರೂ ಒಳಗಾಯವಿಲ್ಲವೆಂದು ತೀರ್ಮಾನಿಸಲಾಗದು, ಆದ್ದರಿಂದಲೇ ಅದನ್ನು ಮತ್ತೆ ಮಾಡುತ್ತಾರೆ. ಸೊಂಟದ ಮೂಳೆ ಮುರಿದಿದ್ದರೆ ತೊಡೆಮೂಳೆಯ ಮೇಲಿನ ಉಬ್ಬುಗಳ ಮಟ್ಟದಲ್ಲಿ ಪಟ್ಟಿಯಿಂದ ಬಿಗಿದು ರಕ್ತಸ್ರಾವ ತಡೆಯುತ್ತಾರೆ. ಒಂದು ತೊಡೆಮೂಳೆ ಮುರಿತದಿಂದಲೇ ಒಂದರಿಂದ ಒಂದೂವರೆ ಲೀಟರ್ ರಕ್ತ ಸ್ನಾಯುಗಳ ನಡುವೆ ಸೇರಬಲ್ಲದು.

ತೀವ್ರ ರಕ್ತಸ್ರಾವಕ್ಕೆ ರಕ್ತ ಕೊಡುವುದರ ಜೊತೆಗೆ ಹೆಪ್ಪುಗಟ್ಟಿದ ರಕ್ತ ಕರಗದಂತೆ ತಡೆಯುವ ಟ್ರಾನೆಕ್ಸಾಮಿಕ್ ಆಮ್ಲ ಎಂಬ ಅಗ್ಗದ ಔಷಧವನ್ನು ನೀಡುತ್ತಾರೆ. 40 ದೇಶಗಳ 20,000ಕ್ಕೂ ಹೆಚ್ಚು ಗಾಯಾಳುಗಳನ್ನು ಒಳಗೊಂಡು 2010ರಲ್ಲಿ ಪ್ರಕಟವಾದ ಕ್ರ್ಯಾಶ್-2 ಅಧ್ಯಯನ ಅದರಿಂದ ಸಾವುಗಳು ಕಡಿಮೆಯಾಗುತ್ತವೆಂದು ತೋರಿಸಿತು. ಆದರೆ ಪೆಟ್ಟಾದ 3 ಗಂಟೆಗಳೊಳಗೆ ಕೊಟ್ಟರೆ ಮಾತ್ರ ಪ್ರಯೋಜನ. ಆಸ್ಪತ್ರೆ ತಲುಪಲು ಮಾಡುವ ವಿಳಂಬ ಈ ಅವಕಾಶವನ್ನೂ ಕಸಿಯುತ್ತದೆ.

ಗುಲ್ಮ, ಯಕೃತ್ತು, ಮೂತ್ರಪಿಂಡಗಳ ಗಾಯಗಳನ್ನೆಲ್ಲ ಈಗ ಕೊಯ್ಯುವುದಿಲ್ಲ. ನಾಡಿ, ರಕ್ತದೊತ್ತಡ ಸ್ಥಿರವಾಗಿದ್ದರೆ ಹಾಸಿಗೆಯಲ್ಲಿರಿಸಿ, ಹಿಮೋಗ್ಲೋಬಿನ್ ಅನ್ನು ಪದೇ ಪದೇ ಅಳೆದು ಕಾಯುತ್ತಾರೆ. ಅಗತ್ಯವಿದ್ದರೆ ರಕ್ತನಾಳದ ಮೂಲಕ ತೂರುನಳಿಕೆ ಸೇರಿಸಿ ಸೋರುವ ಕವಲನ್ನು ಮುಚ್ಚುತ್ತಾರೆ. ಸುಮ್ಮನೆ ಮಲಗಿಸಿದ್ದಾರೆ ಎಂದು ಮನೆಯವರು ಬೇಸತ್ತು ಗಾಯಾಳುವನ್ನು ಕರೆದೊಯ್ಯುವುದು ಈ ಹಂತದಲ್ಲೇ. ಆ ಕಾಯುವಿಕೆಯೇ ಚಿಕಿತ್ಸೆ.

ಪ್ರತ್ಯೇಕ ಎಚ್ಚರಿಕೆ ಬೇಕಾದವರು

ಗರ್ಭಿಣಿಯ ಹೊಟ್ಟೆಗೆ ಪೆಟ್ಟು ಬಿದ್ದರೆ ಆಕೆ ಚೆನ್ನಾಗಿದ್ದಾಗಲೂ ಮಾಸು ಗರ್ಭಕೋಶದಿಂದ ಬೇರ್ಪಡಬಹುದು. 20 ವಾರ ದಾಟಿದ್ದರೆ ಎಡಮಗ್ಗುಲಿಗೆ ವಾಲಿಸಿ ಕರೆದೊಯ್ಯಬೇಕು. ಕೂಸಿನ ಹೃದಯಬಡಿತವನ್ನು ಕನಿಷ್ಠ 4 ಗಂಟೆ ಗಮನಿಸುವುದು ರೂಢಿ. ತಾಯಿಯ ರಕ್ತದ ಗುಂಪು ನೆಗೆಟಿವ್ ಆಗಿದ್ದರೆ, ಆಕೆಯ ದೇಹ ಕೂಸಿನ ರಕ್ತಕಣಗಳ ವಿರುದ್ಧ ತಿರುಗದಂತೆ ತಡೆಯುವ ಆ್ಯಂಟಿ-ಡಿ ಚುಚ್ಚುಮದ್ದಿನ ಬಗ್ಗೆ ಕೇಳಿ. ಮಕ್ಕಳ ಪಕ್ಕೆಲುಬು ಬಾಗುವ ಗುಣದ್ದಾದ್ದರಿಂದ ಮೂಳೆ ಮುರಿಯದೆಯೂ ಶ್ವಾಸಕೋಶ ಜಜ್ಜಿರಬಹುದು. ಇನ್ನೂ ನಡೆಯಲು ಕಲಿಯದ ಕೂಸಿನ ಮೈಮೇಲೆ, ಇಲ್ಲವೇ ಚಿಕ್ಕ ಮಗುವಿನ ಕಿವಿ, ಕತ್ತು, ಮುಂಡದ ಮೇಲೆ ವಿವರಣೆಗೆ ಸಿಗದ ಕಪ್ಪು ಕಲೆಗಳಿದ್ದರೆ ಯಾರೋ ಹೊಡೆದಿರುವ ಸಾಧ್ಯತೆಯನ್ನು ಕೇಳಲು ಹಿಂಜರಿಯಬಾರದು. ಆ ಮಗುವಿನ ಪರವಾಗಿ ಮಾತನಾಡುವವರು ಬೇರೆ ಯಾರೂ ಇಲ್ಲದಿರಬಹುದು.

ಮನೆಗೆ ಬಂದ ಮೇಲೆ

ಮಿದುಳು ಕಲಕಿದ ಪೆಟ್ಟಿನ ನಂತರ 24ರಿಂದ 48 ಗಂಟೆ ವಿಶ್ರಾಂತಿ ಪಡೆದು, ಲಕ್ಷಣಗಳು ಹೆಚ್ಚದಂತೆ ನೋಡಿಕೊಳ್ಳುತ್ತ ಓದು, ಕೆಲಸ, ವ್ಯಾಯಾಮಗಳಿಗೆ ಹಂತಹಂತವಾಗಿ ಮರಳಬೇಕು. ಪೆಟ್ಟಾದ ದಿನವೇ ಮತ್ತೆ ಮೈದಾನಕ್ಕಿಳಿಯಬಾರದು. ಗುಲ್ಮದ ಗಾಯ ಶಸ್ತ್ರಚಿಕಿತ್ಸೆಯಿಲ್ಲದೆ ಮಾಯುತ್ತಿರುವವರು ವೈದ್ಯರು ಹೇಳಿದ ವಾರಗಳವರೆಗೆ ಭಾರ ಎತ್ತುವುದು ಮತ್ತು ಮೈಗೆ ಮೈ ತಾಗುವ ಆಟಗಳಿಂದ ದೂರವಿರಬೇಕು, ಏಕೆಂದರೆ ಅದು ದಿನಗಳ ನಂತರವೂ ಮತ್ತೆ ಒಡೆಯಬಹುದು. ಸೋಂಕಿನ ವಿರುದ್ಧ ಹೋರಾಡುವ ಗುಲ್ಮವನ್ನು ತೆಗೆದುಹಾಕಿದವರಿಗೆ ನ್ಯುಮೊಕಾಕಸ್, ಮೆನಿಂಗೊಕಾಕಸ್ ಮತ್ತು ಹಿಬ್ ಎಂಬ ಬ್ಯಾಕ್ಟೀರಿಯಾಗಳ ವಿರುದ್ಧ ಲಸಿಕೆಗಳು ಬೇಕು. ಶಸ್ತ್ರಚಿಕಿತ್ಸೆ ತುರ್ತಾಗಿ ನಡೆದಿದ್ದರೆ ಅವನ್ನು ಸಾಮಾನ್ಯವಾಗಿ ಎರಡು ವಾರಗಳ ನಂತರ ಕೊಡುತ್ತಾರೆ. ಅಂಥವರಿಗೆ ಮುಂದೆ ಎಂದಾದರೂ ಚಳಿಜ್ವರ ಬಂದರೆ ಮರುದಿನಕ್ಕೆ ಮುಂದೂಡದೆ ಅದೇ ದಿನ ವೈದ್ಯರ ಬಳಿ ಹೋಗಿ, ತಮಗೆ ಗುಲ್ಮವಿಲ್ಲವೆಂಬುದನ್ನು ಮೊದಲ ಮಾತಿನಲ್ಲೇ ತಿಳಿಸಬೇಕು.